ಫಿಸಿಯೋಥೆರಪಿಗೆ ಹೋದರೆ ಮೊದಲ ದಿನವೇ ಕರೆಂಟು ಕೊಡುತ್ತಾರಾ?

ಶಿರಸಿ ಕಡೆ ದೋಟಿ ಹಿಡಿದು ಅಡಿಕೆ ಕೊನೆ ಕೊಯ್ದು ನಿಮ್ಮ ಅಪ್ಪಯ್ಯನ ಭುಜ ಹಿಡಿದುಕೊಂಡಿದೆ ಎಂದಿದ್ದೀರಿ. ಮೊದಲ ದಿನ ಹೆಚ್ಚಿನ ಹೊತ್ತು ಮಾತು, ತಪಾಸಣೆಗೇ ಹೋಗುತ್ತದೆ: ನೋವು ಎಂದಿನಿಂದ, ಆ ಮಗ್ಗುಲಲ್ಲಿ ಮಲಗಲಾಗುತ್ತದೆಯೇ, ಸಕ್ಕರೆ ಕಾಯಿಲೆ ಇದೆಯೇ (ಇದ್ದವರಿಗೆ ಭುಜ ಬಿಗಿಯುವುದು ಜಾಸ್ತಿ). ಆಮೇಲೆ ಕೈ ಎತ್ತಿಸಿ, ಬೆನ್ನ ಹಿಂದೆ ತಿರುಗಿಸಿ, ಎಷ್ಟು ಬಾಗುತ್ತದೆಂದು ಅಳೆಯುತ್ತಾರೆ. ಅಂಗಿ ಬಿಚ್ಚಬೇಕಾದೀತು, ಸಡಿಲ ಬಟ್ಟೆ ಇರಲಿ. ಹಳೆ ಎಕ್ಸ್‌ರೇ, ಮಾತ್ರೆ ಚೀಟಿ ಒಯ್ಯಿರಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಕರೆಂಟೆಂದರೆ ಸಾಮಾನ್ಯವಾಗಿ ಟೆನ್ಸ್ ಯಂತ್ರದ (ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣ ವಿದ್ಯುತ್ ಹಾಯಿಸುವ ಯಂತ್ರ) ಜುಮುಜುಮು, ಅಷ್ಟೇ. ಅದು ನೋವು ತಗ್ಗಿಸೀತು. ಅಸಲಿ ಮದ್ದು ಮನೆಯಲ್ಲಿ ದಿನಾ ಮಾಡುವ ವ್ಯಾಯಾಮ. ನಮ್ಮ ಕಡೆಯವರು ಬಿಡುವುದೂ ಅದನ್ನೇ! ಮರುದಿನ ತುಸು ನೋವು ಸಹಜ. ಕೈ ಜೋಮು ಹಿಡಿದರೆ ಮಾತ್ರ ಕೂಡಲೇ ತಿಳಿಸಿ.