ಮೇರಿ ಸ್ಲೆಸರ್ ಆಫ್ರಿಕಾದಲ್ಲಿ ಅವಳಿ ಮಕ್ಕಳನ್ನು ಸಾಕಿದ್ದು ಯಾಕೆ?

ನಂಬಿಕೆಯಿಂದಲೇ. ಅನಾಥರನ್ನು ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅನ್ನುತ್ತದೆ ಬೈಬಲ್. ಸ್ಕಾಟ್ಲೆಂಡಿನ ನೇಯ್ಗೆ ಗಿರಣಿಯಲ್ಲಿ ದುಡಿಯುತ್ತಿದ್ದ ಮೇರಿ ಅದನ್ನು ಬದುಕಿ ತೋರಿಸಿದರು.

1876ರಲ್ಲಿ ಅವರು ಕ್ರೈಸ್ತ ಮಿಷನರಿಯಾಗಿ ಈಗಿನ ನೈಜೀರಿಯಾದ ಕಲಬಾರ್‌ಗೆ ಹೋದರು. ಅಲ್ಲಿ ಅವಳಿ ಹುಟ್ಟಿದರೆ ಒಂದು ಮಗು ದೆವ್ವದ್ದು ಎಂಬ ಭಯವಿತ್ತು. ಯಾವುದು ಅಂತ ಗೊತ್ತಾಗದೆ ಎರಡನ್ನೂ ಮಡಕೆಗೆ ಹಾಕಿ ಕಾಡಿನಲ್ಲಿ ಬಿಡುತ್ತಿದ್ದರು. ತಾಯಿಯನ್ನೂ ಊರಾಚೆ ಅಟ್ಟುತ್ತಿದ್ದರು. ಕ್ರೌರ್ಯಕ್ಕಿಂತ ಭಯವೇ ಜಾಸ್ತಿ. ಸುಮ್ನೆ ಉಪದೇಶ ಮಾಡಿದರೆ ಭಯ ಹೋಗುತ್ತಾ?

ಮೇರಿ ಅಂಥ ಮಕ್ಕಳನ್ನು ಎತ್ತಿಕೊಂಡು ಬಂದು ತಮ್ಮ ಮನೆಯಲ್ಲೇ ಬೆಳೆಸಿದರು. ಜೇನಿ ಎಂಬ ಅವಳಿ ಹುಡುಗಿಗಂತೂ ಅವರೇ ತಾಯಿಯಾದರು. ಮಕ್ಕಳು ಊರವರ ಕಣ್ಣೆದುರೇ ಆಡಿಕೊಂಡು ಬೆಳೆದರು, ಯಾರಿಗೂ ಕೇಡಾಗಲಿಲ್ಲ. ಭಯ ನಿಧಾನಕ್ಕೆ ಕರಗಿದ್ದು ಹಾಗೆ. ಅಂದಹಾಗೆ, ಇದು ಅವರೊಬ್ಬರ ಕೆಲಸವಲ್ಲ. ಅವರಿಗಿಂತ ಮೊದಲು ಬಂದ ಮಿಷನರಿಗಳೂ ಈ ಪದ್ಧತಿಯನ್ನು ವಿರೋಧಿಸಿದ್ದರು.