‘ಸೂಕ್ತ’ ಅಂದ್ರೆ ಎಷ್ಟು ಸೆಂಟಿಮೀಟರು?

ನಮಸ್ಕಾರ. ‘ಜಲಸಂಗ್ರಹಾಗಾರಗಳಲ್ಲಿ ಆವರ್ತ ನಿರೋಧ’ ಅಂತ, ಅಂದ್ರೆ ಟ್ಯಾಂಕಲ್ಲಿ ಸುಳಿ ಏಳದ ಹಾಗೆ ತಡೆಯೋದರ ಬಗ್ಗೆ, ನೀವು ಕಳಿಸಿದ ಲೇಖನ ನಿನ್ನೆ ರಾತ್ರಿ ಓದಿದೆ, ಬೆಳಿಗ್ಗೆ ಎದ್ದು ಇನ್ನೊಂದ್ಸಲ ಓದಿದೆ, ಸಿಟ್ಟು ಇಳೀಲಿಲ್ಲ, ಅದಕ್ಕೇ ಬರೀತಿದ್ದೀನಿ. ವಿಷಯ ಒಳ್ಳೇದು, ಕಾಗುಣಿತ ತಪ್ಪಿಲ್ಲ. ನಿಮ್ಮ ಅಪಾರ್ಟ್‌ಮೆಂಟಲ್ಲಿ ಫೈರ್ ಪಂಪ್ ಟೆಸ್ಟ್ ಮಾಡೋವಾಗ ಟ್ಯಾಂಕಲ್ಲಿ ಇನ್ನೂ ಮೊಣಕಾಲುದ್ದ ನೀರಿದ್ರೂ ಗೇಜಿನ ಮುಳ್ಳು ನಡುಗೋಕೆ ಶುರುವಾಗಿ, ಹೋಸ್ ಪೈಪು ಕೆಮ್ಮಿ ಕೆಮ್ಮಿ ನೀರು ಬಿಡ್ತು ಅಂತ ಬರೆದಿದ್ದೀರಲ್ಲ, ಆ ಎರಡು ಸಾಲು ನನಗೂ ಬರೆಯೋಕೆ ಬರಲ್ಲ.

ಆಮೇಲೆ ಏನಾಯ್ತು ನಿಮಗೆ? ‘ಸೂಕ್ತ’ ಅನ್ನೋ ಪದ ಹನ್ನೊಂದು ಸಲ ಬಂದಿದೆ, ಪೆನ್ಸಿಲಲ್ಲಿ ಸುತ್ತು ಹಾಕಿ ಎಣಿಸಿದೀನಿ.

ಮೊದಲ್ನೇದು ನೋಡಿ: ‘ಹೊರಹರಿವಿನ ಕೊಳವೆಯ ಮೇಲೆ ಸೂಕ್ತ ಪ್ರಮಾಣದ ನೀರಿನ ಮಟ್ಟವನ್ನು ಕಾಯ್ದುಕೊಳ್ಳತಕ್ಕದ್ದು.’ ಯಾರು ಕಾಯ್ಕೋಬೇಕು? ಟಾರ್ಚ್ ಹಿಡಿದು ಟ್ಯಾಂಕಿನ ಮುಚ್ಚಳ ಎತ್ತಿ ಬಗ್ಗಿ ನೋಡ್ತಿರೋ ಆ ಸೆಕ್ಯೂರಿಟಿಯವನಿಗೆ ಈ ಸಾಲಿಂದ ಏನು ಸಿಕ್ತು? ಲೆಕ್ಕಕ್ಕೆ ಬೇಕಾದ್ದೆಲ್ಲ ನಿಮ್ಮ ಹತ್ರನೇ ಇತ್ತು, 150 ಮಿ.ಮೀ. ಪೈಪು, ನಿಮಿಷಕ್ಕೆ 1620 ಲೀಟರ್ ಎಳೆಯೋ ಪಂಪು ಅಂತ ನೀವೇ ಹೇಳಿದ್ದೀರಿ, ಅಂದ್ರೆ ಪೈಪಿನೊಳಗೆ ನೀರು ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ಓಡ್ತಿದೆ. ಸುಳಿ ಎದ್ದು ಗಾಳಿ ನುಗ್ಗದ ಹಾಗೆ ಪೈಪಿನ ಬಾಯಿಯ ಮೇಲೆ ಎಷ್ಟು ನೀರಿರಬೇಕು ಅನ್ನೋದಕ್ಕೆ ಅಮೆರಿಕದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟಿನ ಒಂದು ಸೂತ್ರ ಇದೆ: ವೇಗವನ್ನ, ಗುರುತ್ವ ಮತ್ತು ವ್ಯಾಸದ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದ್ರೆ ಫ್ರೂಡ್ ಸಂಖ್ಯೆ ಸಿಗುತ್ತೆ, ಅದನ್ನ 2.3ರಿಂದ ಗುಣಿಸಿ, 1 ಕೂಡಿಸಿ, ಮತ್ತೆ ವ್ಯಾಸದಿಂದ ಗುಣಿಸಿ. ನಿಮ್ಮ ಪೈಪಿಗೆ ಹತ್ತತ್ರ 58 ಸೆಂ.ಮೀ. ಬರುತ್ತೆ, ಅದೂ ಪೈಪಿನ ನಡುಮಟ್ಟದಿಂದ ಮೇಲಕ್ಕೆ. ಪೈಪಿನ ಅಡಿಭಾಗ ತಳದಿಂದ 15 ಸೆಂ.ಮೀ. ಮೇಲಿದೆ ಅಂದಿದ್ದೀರಿ, ಅಲ್ಲಿಂದ ನಡುಮಟ್ಟಕ್ಕೆ ಇನ್ನೊಂದು ಏಳೂವರೆ, ಹಾಗಾದ್ರೆ ಒಟ್ಟು ಸುಮಾರು 80 ಸೆಂ.ಮೀ. ಮೊಣಕಾಲುದ್ದ ಅಂದ್ರೆ 50. ಸುಳಿ ಎದ್ದು ಪೈಪಿಗೆ ಗಾಳಿ ನುಗ್ಗಿತು, ಅದಕ್ಕೇ ರೀ ಕೆಮ್ಮಿದ್ದು! ಟ್ಯಾಂಕಿನ ತಳ 4 ಮೀಟರಿಗೆ 5 ಮೀಟರ್ ಇದೆಯಲ್ಲ, 80 ಸೆಂ.ಮೀ. ಅಂದ್ರೆ 16,000 ಲೀಟರ್, ಕಾಗದದ ಲೆಕ್ಕದಲ್ಲಿ ಹತ್ತು ನಿಮಿಷದ ನೀರು, ಬೆಂಕಿ ಬಿದ್ದ ದಿನ ಅದನ್ನ ನಂಬೋ ಹಾಗಿಲ್ಲ. ಇದನ್ನ ಬರೆದಿದ್ರೆ ನಿಮ್ಮ ಅಸೋಸಿಯೇಶನ್‌ನವರು ಆ ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ‘ಸೂಕ್ತ’ ಅಂದಿದ್ದಕ್ಕೆ ಎಲ್ರೂ ಆರಾಮಾಗಿ ಮಲಗಿರ್ತಾರೆ.

ಮುಂದಿನ ಸಾಲು: ‘ಸೂಕ್ತ ಅಳತೆಯ ಆವರ್ತ ನಿರೋಧಕ ಫಲಕವನ್ನು ಸೂಕ್ತ ಸ್ಥಳದಲ್ಲಿ ಅಳವಡಿಸುವುದು.’ ಒಂದೇ ಸಾಲಲ್ಲಿ ಎರಡು. ಆ ಫಲಕವನ್ನ ನೀವು ಕಣ್ಣಾರೆ ನೋಡಿದ್ದೀರಾ? ನೋಡಿದ್ರೆ ಹೀಗೆ ಬರೀತಿರಲಿಲ್ಲ. ಪೈಪಿಗೆ ಎಲ್ಬೋ ಹಾಕಿ ಬಾಯನ್ನ ಕೆಳಮುಖ ಮಾಡ್ತಾರೆ, ಆ ಬಾಯಿಗೆ ಸುತ್ತ ಅಂಚು ಬಿಟ್ಟು ಒಂದು ಕಬ್ಬಿಣದ ತಟ್ಟೆ ಬೆಸುಗೆ ಹಾಕ್ತಾರೆ, ಟೋಪಿ ಅಂಚಿನ ಥರ. ಎನ್‌ಎಫ್‌ಪಿಎ 22 ಅನ್ನೋ ಅಮೆರಿಕನ್ ಸ್ಟಾಂಡರ್ಡ್ ಪ್ರಕಾರ ತಟ್ಟೆ ಪೈಪಿನ ವ್ಯಾಸದ ಎರಡರಷ್ಟಾದ್ರೂ ಇರಬೇಕು, ತಳದಿಂದ ಅರ್ಧ ವ್ಯಾಸದಷ್ಟು ಮೇಲೆ, ಆದ್ರೆ ಆರು ಇಂಚಿಗಿಂತ ಕಮ್ಮಿ ಅಲ್ಲ. ನಿಮ್ಮ ಪೈಪಿಗಾದ್ರೆ 300 ಮಿ.ಮೀ. ತಟ್ಟೆ, ತಳಕ್ಕೂ ಅದಕ್ಕೂ ನಡುವೆ 150 ಮಿ.ಮೀ. ಸಂದಿ. ಈಗ ಮೇಲಿನ ನೀರು ನೆಟ್ಟಗೆ ಬಾಯಿಗೆ ಬೀಳೋಕಾಗಲ್ಲ, ತಟ್ಟೆ ಸುತ್ತಿ ಬಳಸಿ ಕೆಳಗಿಂದ ನುಗ್ಗಬೇಕು, ಮತ್ತೆ ತಟ್ಟೆ ಅಂಚಲ್ಲಿ ನೀರಿಗೆ ಸಿಗೋ ದಾರಿ ಪೈಪಿನ ಬಾಯಿಗಿಂತ ಎಂಟು ಪಟ್ಟು ದೊಡ್ಡದು, ವೇಗ ಎಂಟರಲ್ಲೊಂದು ಪಾಲಿಗೆ ಇಳಿಯುತ್ತೆ. ಮೆಲ್ಲಗೆ ಹೋಗೋ ನೀರಿಗೆ ಮೇಲಿಂದ ಗಾಳಿ ಎಳ್ಕೊಂಡು ಹೋಗೋ ಶಕ್ತಿ ಎಲ್ಲಿಂದ ಬರಬೇಕು?

ಈ ಪದದ ಮೇಲೆ ನನಗೆ ಇಷ್ಟು ಕೋಪ ಯಾಕೆ ಅಂದ್ರೆ ಒಂದು ಕಾಲಕ್ಕೆ ನಾನೇ ಅದರ ಗಿರಾಕಿ. ಇಪ್ಪತ್ತೆರಡನೇ ವಯಸ್ಸಲ್ಲಿ ಒಂದು ಸಣ್ಣ ಊರಿನ ಪಂಪ್‌ಹೌಸಲ್ಲಿ ಟ್ರೈನಿ ಆಗಿದ್ದೆ. ಅಲ್ಲಿದ್ದ ಹಳೇ ಆಪರೇಟರು ಸಂಪಲ್ಲಿ ಎರಡು ಹಲಗೆಯನ್ನ ಅಡ್ಡಡ್ಡ ಮೊಳೆ ಹೊಡೆದು, ತೆಂಗಿನ ಹಗ್ಗದಲ್ಲಿ ಕಟ್ಟಿ, ನೀರು ಎಳೆಯೋ ಸಕ್ಷನ್ ಪೈಪಿನ ನೇರಕ್ಕೆ ತೇಲಿ ಬಿಟ್ಟಿದ್ರು. ಪಾಚಿ ಹಿಡಿದು ಕಪ್ಪಗಾಗಿತ್ತು. ನಾನು ಹೊಸ ಹುರುಪಲ್ಲಿ ಗಲೀಜು ಅಂತ ಅದನ್ನ ಎತ್ತಿ ಗೋಡೆಗೆ ಒರಗಿಸಿದೆ. ಅವತ್ತು ರಾತ್ರಿ ನೀರು ಕೆಳಗಿಳೀತಿದ್ದ ಹಾಗೆ ಸಕ್ಷನ್ ನೇರಕ್ಕೆ ಬೆರಳು ಗಾತ್ರದ ಗುಳಿ ಬಿತ್ತು, ನೋಡ್ತಾ ನೋಡ್ತಾ ಅದು ಬಾಲ ಬಿಟ್ಕೊಂಡು ಪೈಪಿನೊಳಗೇ ಹೋಯ್ತು, ಗೊರ್ ಅಂತ ಸದ್ದು, ಪಂಪ್ ಬರಿ ಗಾಳಿ ತಿರುಗಿಸ್ತಾ ನಿಂತ್ಕೊಂಡ್ತು. ಆಪರೇಟರು ಏನೂ ಮಾತಾಡ್ಲಿಲ್ಲ, ಹಲಗೆ ತಗೊಂಡು ಮತ್ತೆ ನೀರಿಗೆ ಬಿಟ್ರು, ಪಂಪಿಗೆ ನೀರು ತುಂಬಿಸಿ ಪ್ರೈಮ್ ಮಾಡಿದ್ರು, ಬೀಡಿ ಹಚ್ಚಿದ್ರು.

ಆ ಕಥೆನ ನಾನು ಒಂದು ಪತ್ರಿಕೆಗೆ ಬರೆದು ಕಳಿಸಿದೆ, ಕೊನೆಗೆ ‘ಸೂಕ್ತ ಕ್ರಮ ಕೈಗೊಳ್ಳಲಾಯಿತು’ ಅಂತ ಹಾಕಿದ್ದೆ. ಸಂಪಾದಕರು ಕೆಂಪಿಂಕಲ್ಲಿ ಗೀಚಿ ವಾಪಸ್ ಕಳಿಸಿದ್ರು: ‘ಹಲಗೆ ಅಂತ ಬರೆಯೋಕೆ ನಾಚಿಕೆಯೇನಯ್ಯ?’ ಹೌದು, ನಾಚಿಕೆನೇ ಇತ್ತು. ಆ ಕಾಗದ ಇನ್ನೂ ಇಟ್ಕೊಂಡಿದೀನಿ.

ಇನ್ನೊಂದು. ‘ಭೂಮಿಯ ಪರಿಭ್ರಮಣದಿಂದಾಗಿ ಉತ್ತರ ಗೋಳಾರ್ಧದ ಟ್ಯಾಂಕುಗಳಲ್ಲಿ ನೀರು ಅಪ್ರದಕ್ಷಿಣವಾಗಿ ಸುತ್ತುತ್ತದೆ.’ ಹಂಗೇನಿಲ್ಲ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಆಶರ್ ಶಪಿರೋ, ಭೂಮಿ ತಿರುಗೋದ್ರಿಂದ ಆಗೋ ಆ ಪರಿಣಾಮ ತೋರಿಸಿದ್ದು ನಿಜ, ಆದ್ರೆ ಹೆಂಗೆ? ಆರಡಿ ಅಗಲದ ತೊಟ್ಟಿ, ಆರಿಂಚು ನೀರು, ಅದು 24 ಗಂಟೆ ಅಲ್ಲಾಡದ ಹಾಗೆ ಬಿಟ್ಟು, ಮುಕ್ಕಾಲು ಇಂಚಿನ ಅರ್ಧದಷ್ಟು ತೂತಿಂದ ಇಪ್ಪತ್ತು ನಿಮಿಷ ಖಾಲಿ ಮಾಡಿದ್ರು, ಅದ್ರಲ್ಲೂ ಮೊದಲ ಹನ್ನೆರಡು ಹದಿನೈದು ನಿಮಿಷ ಏನೂ ಕಾಣ್ಲಿಲ್ಲ. ನಿಮ್ಮ ಟ್ಯಾಂಕಿರೋದು ಬೆಂಗಳೂರಲ್ಲಿ, ಸಮಭಾಜಕಕ್ಕೆ ಹತ್ರ, ಶಪಿರೋ ಇದ್ದ ಕಡೆಯದ್ದರ ಸುಮಾರು ಮೂರನೇ ಒಂದು ಪಾಲು ಪರಿಣಾಮ ಅಷ್ಟೇ ಇಲ್ಲಿರೋದು, ಮೇಲೆ ಪಂಪ್ ಬೇರೆ ಎಳೀತಿದೆ. ನಿಮ್ಮನೆ ಸಿಂಕ್ ತುಂಬಿಸಿ ಕೈಯಲ್ಲಿ ಬಲಕ್ಕೆ ತಿರುಗಿಸಿ ಬಿರಡೆ ಎತ್ತಿ, ಆಮೇಲೆ ಎಡಕ್ಕೆ ತಿರುಗಿಸಿ ಎತ್ತಿ. ಎರಡು ನಿಮಿಷದ ಕೆಲಸ, ನೀವು ತಿರುಗಿಸಿದ ಕಡೆಗೇ ನೀರು ಸುತ್ತುತ್ತೆ.

ಹಾಗಾದ್ರೆ ನಿಮ್ಮ ಟ್ಯಾಂಕಿನ ನೀರಿಗೆ ಆ ಸುತ್ತು ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ನಿಮ್ಮ ಆರನೇ ಪ್ಯಾರಾದಲ್ಲೇ ಬಿದ್ದಿದೆ! ‘ಕಳೆದ ವರ್ಷ ಟ್ಯಾಂಕರ್ ನೀರಿಗಾಗಿ ಒಳಹರಿವಿನ ಕೊಳವೆಯನ್ನು ಬದಿಯ ಗೋಡೆಗೆ ಸ್ಥಳಾಂತರಿಸಲಾಯಿತು’ ಅಂತ ಹೇಳಿ ಸುಮ್ಮನಾಗಿದ್ದೀರಿ. ನೀರು ಗೋಡೆ ಸವರಿಕೊಂಡು ಬಿದ್ರೆ ಟ್ಯಾಂಕ್ ಪೂರ್ತಿ ಮೆಲ್ಲಗೆ ಸುತ್ತೋಕೆ ಶುರುಮಾಡುತ್ತೆ, ಕಣ್ಣಿಗೆ ಕಾಣದಷ್ಟು. ಆ ಸುತ್ತು ಬಾಯಿ ಹತ್ರ ಬರ್ತಾ ಬರ್ತಾ ದೂರ ಅರ್ಧ ಆದ್ರೆ ವೇಗ ಎರಡರಷ್ಟು, ಹತ್ತನೇ ಒಂದಾದ್ರೆ ಹತ್ತರಷ್ಟು, ನಡುವೆ ಒತ್ತಡ ಕುಸಿದು ಗುಳಿ. ಹಳೇ ಟೆಸ್ಟಲ್ಲಿ ಈ ತೊಂದರೆ ಇತ್ತಾ, ಪೈಪ್ ಬದಲಾದ ಮೇಲೆ ಬಂತಾ? ಪ್ಲಂಬರನ್ನ ಕೇಳಿದ್ರಾ?

ಉಳಿದ ಪ್ಯಾರಾಗಳ ಬಗ್ಗೆ ನಾನು ಏನೂ ಹೇಳಲ್ಲ, ನೀವೇ ಅರ್ಧ ಹೊಡೆದು ಹಾಕ್ತೀರಿ. ‘ಆವರ್ತ’ ತೆಗೆದು ‘ಸುಳಿ’ ಅಂತ ಮಾಡಿ, ಕೆರೆ ತೂಬಿನ ಹತ್ರ ಹೋಗ್ಬೇಡ ಅಂತ ನಮ್ಮಜ್ಜಿ ಬೈತಿದ್ದಿದ್ದು ಸುಳಿಗೇ, ಆವರ್ತಕ್ಕಲ್ಲ. ಮುಂದಿನ ಡ್ರಿಲ್ ದಿನ ಸ್ಕೇಲ್ ತಗೊಂಡು ಹೋಗಿ, ಮುಚ್ಚಳದ ಹೊರಗಿಂದನೇ ಎಷ್ಟು ನೀರಿದ್ದಾಗ ಗುಳಿ ಬಿತ್ತು, ಯಾವ ಕಡೆ ಸುತ್ತಿತು ಅಂತ ನೋಡಿ ಬರೀರಿ, ಒಂದು ಫೋಟೋನೂ ಇರಲಿ. ಪಂಪ್ ಓಡ್ತಿರೋವಾಗ ದಯವಿಟ್ಟು ಒಳಗೆ ಇಳೀಬೇಡಿ.