ಬೆಳಕು ಬಿದ್ದರೆ ಬಿಸಿಯಾಗುವ ಚಿನ್ನದ ಕಣ

ಪ್ರಶ್ನೆ: ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ. ಚಿನ್ನದ ನ್ಯಾನೋ ಕಣಗಳನ್ನು ದೇಹಕ್ಕೆ ಸೇರಿಸಿ, ಬೆಳಕು ಹಾಯಿಸಿ ಗಡ್ಡೆಯನ್ನು ಸುಡುತ್ತಾರೆಂದು ಓದಿದೆ. ಇದು ಹೇಗೆ ಸಾಧ್ಯ? ಸ್ವರ್ಣಭಸ್ಮ ಸೇವಿಸಿದರೂ ಇದೇ ಫಲ ಸಿಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಚಿಕಿತ್ಸೆ ತಡವಾಗುವ ಅಪಾಯ ಇರುವುದು ಅಲ್ಲಿಯೇ. ಖಂಡಿತ ಸಿಗುವುದಿಲ್ಲ. ಈ ವಿಧಾನದಲ್ಲಿ ಚಿನ್ನವು ಔಷಧಿಯೇ ಅಲ್ಲ; ಬೆಳಕನ್ನು ಹೀರಿ ಶಾಖವಾಗಿ ಬದಲಿಸುವುದಷ್ಟೇ ಅದರ ಕೆಲಸ, ಅದೂ ನಿರ್ದಿಷ್ಟ ಆಕಾರ ಮತ್ತು ಅಳತೆಯಲ್ಲಿದ್ದಾಗ ಮಾತ್ರ.

ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹಾಲಸ್ ಮತ್ತು ಜೆನಿಫರ್ ವೆಸ್ಟ್ ಅವರು ಈ ಚಿಕಿತ್ಸೆಗಾಗಿ ರೂಪಿಸಿದ ಕಣದ ಒಳಗೆ ಸಿಲಿಕಾ (ಮರಳಿನ ಮುಖ್ಯ ಅಂಶ) ಗೋಲವಿದ್ದು, ಅದರ ಮೇಲೆ ಚಿನ್ನದ ತೆಳು ಲೇಪವಿರುತ್ತದೆ. ಒಟ್ಟು ವ್ಯಾಸ ಸುಮಾರು 150 ನ್ಯಾನೋಮೀಟರ್, ಎಂದರೆ ತಲೆಗೂದಲಿನ ದಪ್ಪದ ಐನೂರರಲ್ಲೊಂದು ಪಾಲು. ಲೇಪ ಎಷ್ಟು ತೆಳುವೆಂಬುದರ ಮೇಲೆ ಕಣವು ಯಾವ ಬೆಳಕನ್ನು ಹೀರಬೇಕೆಂಬುದು ನಿರ್ಧಾರವಾಗುತ್ತದೆ. ಅವರು ಆರಿಸಿದ್ದು ಕಣ್ಣಿಗೆ ಕಾಣದ, ಕೆಂಪಿನಾಚೆಯ ಅವಕೆಂಪು ಬೆಳಕನ್ನು. ಕತ್ತಲಲ್ಲಿ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿದರೆ ಕೆಂಪು ಬಣ್ಣವಷ್ಟೇ ಹಾದು ಬರುವುದನ್ನು ನೀವು ಕಂಡಿರಬಹುದು. ಅವಕೆಂಪು ಬೆಳಕನ್ನು ರಕ್ತ ಇನ್ನೂ ಕಡಿಮೆ ತಡೆಯುತ್ತದೆ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವಾದ್ದರಿಂದ ಅವುಗಳ ಗೋಡೆಯಲ್ಲಿ ಸಂದುಗಳಿರುತ್ತವೆ, ರಕ್ತಕ್ಕೆ ಸೇರಿಸಿದ ಕಣಗಳು ಅಲ್ಲಿ ಸೋರಿ ಗಡ್ಡೆಯೊಳಗೆ ಉಳಿಯುತ್ತವೆ. ಬಳಿಕ ಲೇಸರ್ ಹಾಯಿಸಿದರೆ ಕಣಗಳು ನೆಲೆಸಿದ ಜಾಗ ಮಾತ್ರ ಬೆಂದುಹೋಗುತ್ತದೆ.

2019ರಲ್ಲಿ ಪ್ರಕಟವಾದ ಪ್ರಯೋಗವೊಂದು ನಿಮ್ಮ ತಂದೆಯವರ ಕಾಯಿಲೆಗೇ ಸಂಬಂಧಿಸಿದ್ದು. ರೋಗವು ಪ್ರಾಸ್ಟೇಟ್ ಗ್ರಂಥಿಯೊಳಗೇ ಇದ್ದ 16 ಮಂದಿಯಲ್ಲಿ 15 ಮಂದಿಗೆ ಈ ಚಿಕಿತ್ಸೆ ಪೂರ್ಣಗೊಂಡಿತು. ಶಸ್ತ್ರಚಿಕಿತ್ಸೆಯ ನಂತರ ಹಲವರನ್ನು ಕಾಡುವ ಮೂತ್ರದ ತೊಂದರೆಯಾಗಲಿ ಲೈಂಗಿಕ ದೌರ್ಬಲ್ಯವಾಗಲಿ ಇವರಲ್ಲಿ ಗಮನಾರ್ಹವಾಗಿ ಹೆಚ್ಚಲಿಲ್ಲ. ನನ್ನ ಮಟ್ಟಿಗೆ ಇದು ನಿಜಕ್ಕೂ ಭರವಸೆ ಹುಟ್ಟಿಸುವ ಸಂಗತಿ. ಆದರೆ 16 ಮಂದಿ ಎಂಬುದು ತೀರ ಸಣ್ಣ ಸಂಖ್ಯೆ. ಅಲ್ಲದೆ ಅವಕೆಂಪು ಬೆಳಕೂ ದೇಹದೊಳಗೆ ಹೆಚ್ಚು ದೂರ ಸಾಗದ ಕಾರಣ ಲೇಸರ್ ಬೆಳಕನ್ನು ಒಯ್ಯುವ ತೆಳು ಎಳೆಯನ್ನು ಗ್ರಂಥಿಯೊಳಕ್ಕೇ ತೂರಿಸಬೇಕಾಗುತ್ತದೆ. ಮೂಳೆಗೆ ಹರಡಿದ ಕ್ಯಾನ್ಸರನ್ನು ಹೀಗೆ ಸುಡಲಾಗದು.

ಆದ್ದರಿಂದ ವೈದ್ಯರು ಈಗ ಸೂಚಿಸಿರುವ ಚಿಕಿತ್ಸೆಯನ್ನು ಇದಕ್ಕಾಗಿ ಮುಂದೂಡಬೇಡಿ. ರೋಗ ಗ್ರಂಥಿಯೊಳಗೇ ಇದೆಯೇ, ಹೊರಗೆ ಹರಡಿದೆಯೇ ಎಂಬುದನ್ನು ಅವರಿಂದ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ತಂದೆಯವರು ಸ್ವರ್ಣಭಸ್ಮ ಸೇವಿಸುತ್ತಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ.